ದತ್ತಕದ ಅರ್ಜಿ ಮತ್ತು ನರಗುಂದದ ಬಾಬಾ ಸಾಹೇಬ

ನರಗುಂದ ಎಂದೊಡನೆ ಇಂದಿನ ತಲೆಮಾರಿಗೆ ಮೊದಲು ನೆನಪಾಗುವುದು 1980ರ ಜುಲೈ 21. ಬೆಟರ್‌ಮೆಂಟ್ ಲೆವಿಯ ವಿರುದ್ಧ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೀದಿಗಿಳಿದ ದಿನ, ಪೊಲೀಸರ ಗುಂಡಿಗೆ ನೇಗಿಲಯೋಗಿಯ ರಕ್ತ ಹರಿದ ದಿನ ಅದು. ಆದರೆ ಆ ಬಂಡಾಯಕ್ಕೆ 122 ವರ್ಷ ಮೊದಲೇ ಇದೇ ಊರು ಇನ್ನೊಂದು ಬಂಡಾಯವನ್ನು ಕಂಡಿತ್ತು. ಅದರ ನಾಯಕ ನರಗುಂದ ಸಂಸ್ಥಾನದ ಕೊನೆಯ ದೊರೆ ಭಾಸ್ಕರರಾವ್ ಭಾವೆ. ಜನ ಅವನನ್ನು ಬಾಬಾ ಸಾಹೇಬ ಎಂದೇ ಕರೆದರು. ಇತಿಹಾಸವೂ ಆ ಹೆಸರನ್ನೇ ಉಳಿಸಿಕೊಂಡಿತು.

ಬಾಬಾ ಸಾಹೇಬನ ಕಥೆಯನ್ನು ಕತ್ತಿಯಿಂದ ಆರಂಭಿಸುವುದು ವಾಡಿಕೆ. ವಾಸ್ತವದಲ್ಲಿ ಅದು ಆರಂಭವಾದದ್ದು ಒಂದು ಅರ್ಜಿಯಿಂದ. ಮಕ್ಕಳಿಲ್ಲದ ದೊರೆಯೊಬ್ಬ ದತ್ತುಪುತ್ರನನ್ನು ಸ್ವೀಕರಿಸಲು ಅನುಮತಿ ಕೋರಿ ಸರಕಾರಕ್ಕೆ ಬರೆದುಕೊಂಡ. ಊರಿನಲ್ಲಿ, ಮನೆಯಲ್ಲಿ, ಬಂಧುಗಳ ನಡುವೆ ಇತ್ಯರ್ಥವಾಗಬೇಕಿದ್ದ ವಿಷಯವೊಂದು ಕಡತವಾಗಿ ದೂರದ ಕಚೇರಿಗಳಿಗೆ ಹೋಯಿತು. ಅಲ್ಲಿಂದ ಬಂದ ಉತ್ತರ ಒಂದು ಮನೆತನವನ್ನಷ್ಟೇ ಅಲ್ಲ, ಒಂದು ಸಂಸ್ಥಾನವನ್ನೇ ಮುಗಿಸಿತು.

ಗುಡ್ಡದ ಮೇಲಿನ ಕೋಟೆ

ರೋಣ, ನರಗುಂದ, ಗಜೇಂದ್ರಗಡ ಇಂದು ಗದಗ ಜಿಲ್ಲೆಯ ಉತ್ತರ ಭಾಗದ ಊರುಗಳು. ಹತ್ತಿ, ಜೋಳ ಬೆಳೆಯುವ ಎರೆಭೂಮಿ. ನಡುನಡುವೆ ಇದ್ದಕ್ಕಿದ್ದಂತೆ ಏಳುವ ಕಲ್ಲುಗುಡ್ಡಗಳು. ಆ ಗುಡ್ಡಗಳ ನೆತ್ತಿಯ ಮೇಲೆ ಕೋಟೆಗಳು. ನರಗುಂದದ ಕೋಟೆಯನ್ನು 1674ರಲ್ಲಿ ಶಿವಾಜಿ ಕಟ್ಟಿಸಿದನೆಂದು ದಾಖಲೆಗಳು ಹೇಳುತ್ತವೆ. ಮುಂದೆ ಅದು ಭಾವೆ ಮನೆತನದ ವಶಕ್ಕೆ ಬಂದಿತು. ಇದೇ ಮನೆತನದ ಇನ್ನೊಂದು ಶಾಖೆ ನೆರೆಯ ರಾಮದುರ್ಗವನ್ನು ಆಳಿತು.

ಚಿಕ್ಕ ಸಂಸ್ಥಾನಕ್ಕೆ ದೊಡ್ಡ ಅಧಿಪತಿಗಳ ನಡುವೆ ಬದುಕುವ ಕಷ್ಟ ಹೊಸದೇನಲ್ಲ. 1778ರಲ್ಲಿ ಹೈದರಾಲಿ ನರಗುಂದವನ್ನು ತನ್ನ ಅಧೀನಕ್ಕೆ ತಂದ. ಅವನ ಮಗ ಟಿಪ್ಪು ಸುಲ್ತಾನ ಹೆಚ್ಚಿನ ಕಪ್ಪ ಕೇಳಿದಾಗ ಅಂದಿನ ದೊರೆ ವೆಂಕಟರಾವ್ ಭಾವೆ ಪುಣೆಯ ಮೊರೆಹೊಕ್ಕ. ಹಳೆಯ ಜಹಗೀರುದಾರನಿಂದ ರೂಢಿಯ ಕಪ್ಪಕ್ಕಿಂತ ಹೆಚ್ಚು ಕೇಳುವ ಹಕ್ಕು ಅಧಿಪತಿಗಿದೆಯೇ ಎಂಬುದೇ ಅಂದಿನ ವಾದ. ವಾದ ಯುದ್ಧವಾಯಿತು. 1785ರಲ್ಲಿ ಟಿಪ್ಪುವಿನ ಸೇನೆ ಕೋಟೆಯನ್ನು ಹಿಡಿಯಿತು. ವೆಂಕಟರಾವ್ ಮತ್ತು ಅವನ ಕಾರಭಾರಿ ಕಾಳೋಪಂತ ಪೇಠೆ ಸೆರೆಯಾಗಿ ಕಬ್ಬಾಳದುರ್ಗ ಸೇರಿದರು. ಆ ಘಟನೆಯಿಂದ ಹೊತ್ತಿಕೊಂಡ ಮರಾಠಾ-ಮೈಸೂರು ಸಮರ ಕೊನೆಗೊಂಡದ್ದು 1787ರಲ್ಲಿ, ನರಗುಂದದ ನೆರೆಯ ಗಜೇಂದ್ರಗಡದ ಒಪ್ಪಂದದಲ್ಲಿ. ಕಾಲಾಂತರದಲ್ಲಿ ಕೋಟೆ ಭಾವೆಯವರಿಗೆ ಮರಳಿತು.

1818ರಲ್ಲಿ ಪೇಶ್ವೆಯ ಆಡಳಿತ ಅಂತ್ಯಗೊಂಡಿತು. ದಕ್ಷಿಣ ಮರಾಠಾ ಪ್ರಾಂತದ ಜಹಗೀರುದಾರರ ಹಿತವನ್ನು ಕಾಯುವ ಭರವಸೆಯೊಂದಿಗೆ ಈಸ್ಟ್ ಇಂಡಿಯಾ ಕಂಪನಿ ಅಧಿಪತ್ಯ ವಹಿಸಿಕೊಂಡಿತು. ಭಾವೆ ಮನೆತನ ನರಗುಂದದಲ್ಲಿ ಮುಂದುವರಿಯಿತು. ಬಾಬಾ ಸಾಹೇಬ ಪಟ್ಟಕ್ಕೆ ಬಂದದ್ದು ಈ ಭರವಸೆಯ ನೆರಳಿನಲ್ಲಿ.

ಓದುಗ ದೊರೆ

ಬಾಬಾ ಸಾಹೇಬ ಹುಟ್ಟಾ ಬಂಡುಕೋರನಲ್ಲ. ಅವನ ಅರಮನೆಯಲ್ಲಿ ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರವಿತ್ತು. ಅವನನ್ನು ಗಲ್ಲಿಗೇರಿಸಿದ ಸರಕಾರದ ಪರವಾಗಿ ಬರೆದವರೂ ಈ ಗ್ರಂಥಾಲಯವನ್ನು ಉಲ್ಲೇಖಿಸದೆ ಬಿಟ್ಟಿಲ್ಲ. ಆ ಕಾಲದ ಸಣ್ಣ ಸಂಸ್ಥಾನವೊಂದಕ್ಕೆ ಇದು ಅಪರೂಪದ ಸಂಪತ್ತು. ಶಾಸ್ತ್ರ ಬಲ್ಲ ಪಂಡಿತರ ಸಹವಾಸ, ಧರ್ಮಕಾರ್ಯ, ಜಹಗೀರಿನ ಹಳ್ಳಿಗಳ ವಸೂಲಿ, ನೆರೆಯ ರಾಮದುರ್ಗದ ದೊರೆಯಾಗಿದ್ದ ಮಲಸಹೋದರನೊಂದಿಗೆ ಬಂಧುತ್ವ: ಇದು ಅವನ ಲೋಕ.

ಆ ಲೋಕದಲ್ಲಿದ್ದ ದೊಡ್ಡ ಕೊರತೆ ಒಂದೇ. ಅವನಿಗೆ ಉತ್ತರಾಧಿಕಾರಿಯಾಗುವ ಗಂಡು ಸಂತಾನವಿರಲಿಲ್ಲ.

ಈ ಕೊರತೆಗೆ ಧರ್ಮಶಾಸ್ತ್ರ ಪರಿಹಾರ ಹೇಳಿತ್ತು. ಸಗೋತ್ರದ ಬಾಲಕನನ್ನು ಶಾಸ್ತ್ರೋಕ್ತವಾಗಿ ಸ್ವೀಕರಿಸಿದರೆ ಅವನು ಹೆತ್ತ ಮಗನಿಗೆ ಸಮಾನ. ಪಿತೃಕಾರ್ಯ ಅವನದು, ಸಾಲದ ಹೊಣೆ ಅವನದು, ಆಸ್ತಿಯೂ ಅವನದು. ಪೇಶ್ವೆಯ ಕಾಲದಲ್ಲಿಯೂ ಜಹಗೀರು ದತ್ತುಪುತ್ರನಿಗೆ ಹೋಗಬೇಕಾದರೆ ಅಧಿಪತಿಗೆ ತಿಳಿಸಿ, ನಜರಾಣೆ ಸಲ್ಲಿಸಿ ಒಪ್ಪಿಗೆ ಪಡೆಯುವ ಪದ್ಧತಿ ಇತ್ತು. ಆದ್ದರಿಂದ ಅರ್ಜಿ ಹಾಕುವುದರಲ್ಲಿ ಬಾಬಾ ಸಾಹೇಬನಿಗೆ ಅವಮಾನವೇನೂ ಕಾಣಲಿಲ್ಲ. ಕೇಳುವುದು ರೂಢಿ, ಕೊಡುವುದೂ ರೂಢಿ ಎಂದೇ ಅವನು ತಿಳಿದಿದ್ದ.

ಬದಲಾಗಿದ್ದದ್ದು ಕೊಡುವವರ ರೂಢಿ.

ಅರ್ಜಿ ಹೋದ ದಾರಿ

ಕಂಪನಿ ಸರಕಾರ ದತ್ತಕವನ್ನು ಎರಡಾಗಿ ಸೀಳಿತ್ತು. ಖಾಸಗಿ ಆಸ್ತಿಗೆ ದತ್ತುಪುತ್ರ ವಾರಸುದಾರನಾಗಲು ಅಡ್ಡಿಯಿಲ್ಲ. ಆದರೆ ಸಂಸ್ಥಾನದ ಗಾದಿಗೆ, ಜಹಗೀರಿನ ಹಳ್ಳಿಗಳಿಗೆ ಅವನು ವಾರಸುದಾರನಾಗಬೇಕಾದರೆ ಸರಕಾರದ ಮಂಜೂರಾತಿ ಬೇಕು. ಮಂಜೂರಾತಿ ಸಿಗದಿದ್ದರೆ ದೊರೆಯ ಮರಣದ ದಿನವೇ ಸಂಸ್ಥಾನ ಸರಕಾರದ ಪಾಲು. ಅಂದರೆ ಅರ್ಜಿಯ ವಿಚಾರಣೆ ನಡೆಸುವವನೂ ಅದು ತಿರಸ್ಕೃತವಾದರೆ ಲಾಭ ಪಡೆಯುವವನೂ ಒಬ್ಬನೇ! ಈ ವ್ಯವಸ್ಥೆಯ ಮೂಲದೋಷ ಇದೇ ಆಗಿತ್ತು.

ಲಂಡನ್ನಿನ ನಿರ್ದೇಶಕ ಮಂಡಳಿ 1834ರಲ್ಲಿ ದತ್ತಕಕ್ಕೆ ಒಪ್ಪಿಗೆ ಕೊಡುವುದು ಅಪವಾದವಾಗಿರಬೇಕೇ ಹೊರತು ನಿಯಮವಾಗಬಾರದೆಂದು ಸೂಚಿಸಿತು. 1841ರಲ್ಲಿ ನ್ಯಾಯಸಮ್ಮತವಾಗಿ ಕೈಸೇರಬಹುದಾದ ಯಾವ ಪ್ರದೇಶವನ್ನೂ, ಆದಾಯವನ್ನೂ ಬಿಟ್ಟುಕೊಡಬಾರದೆಂಬ ನೀತಿಯನ್ನು ಸ್ಪಷ್ಟಪಡಿಸಿತು. 1848ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಡಾಲ್‌ಹೌಸಿ ಈ ನೀತಿಯನ್ನು ಅಕ್ಷರಶಃ ಜಾರಿಗೊಳಿಸಿದ.

ಆ ನೀತಿಯ ಮೊದಲ ದೊಡ್ಡ ಬಲಿ ಸಾತಾರಾ. 1848ರಲ್ಲಿ ಅಲ್ಲಿನ ದೊರೆ ತೀರಿಕೊಳ್ಳುವ ಮುನ್ನ ದತ್ತು ಸ್ವೀಕರಿಸಿದ್ದ. ಅದನ್ನು ಮಾನ್ಯ ಮಾಡಬೇಕೆಂದು ಮುಂಬಯಿಯ ಗವರ್ನರ್ ಜಾರ್ಜ್ ಕ್ಲರ್ಕ್ ವಾದಿಸಿದ. ಸ್ಥಳೀಯ ಪರಿಸ್ಥಿತಿಗೆ ಹತ್ತಿರದಲ್ಲಿದ್ದವನ ಮಾತು ಅದು. ಆದರೆ ಅವನ ನಂತರ ಬಂದ ಫಾಕ್‌ಲಂಡ್ ಬೇರೆ ನಿಲುವು ತಳೆದ, ಕಲಕತ್ತೆಯ ಡಾಲ್‌ಹೌಸಿ ಅದನ್ನು ಬೆಂಬಲಿಸಿದ, ಲಂಡನ್ ಮುದ್ರೆಯೊತ್ತಿತು. ಶಿವಾಜಿಯ ವಂಶದ ಗಾದಿಯೇ ಹೀಗೆ ಅಳಿದ ಮೇಲೆ ನರಗುಂದದಂಥ ಸಣ್ಣ ಸಂಸ್ಥಾನದ ಗತಿಯೇನು? ದಕ್ಷಿಣ ಮರಾಠಾ ಪ್ರಾಂತದಲ್ಲಿಯೇ ಪಟವರ್ಧನರ ಚಿಂಚಣಿ, ತಾಸಗಾಂವ, ಶೇಡಬಾಳ ಶಾಖೆಗಳು ವಾರಸುದಾರರಿಲ್ಲವೆಂಬ ಕಾರಣಕ್ಕೆ ಒಂದೊಂದಾಗಿ ಸರಕಾರದ ಪಾಲಾಗಿದ್ದವು.

ಕನ್ನಡ ನೆಲಕ್ಕಂತೂ ಈ ಪಾಠ ಇನ್ನೂ ಹಳೆಯದು. ಡಾಲ್‌ಹೌಸಿಗಿಂತ ಕಾಲು ಶತಮಾನ ಮೊದಲೇ, 1824ರಲ್ಲಿ, ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಿರಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಅವನು ಹತನಾದ. ಕೊನೆಗೆ ಕಿತ್ತೂರು ಸೋತಿತು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು. ಕಿತ್ತೂರಿನ ನೆನಪು ನರಗುಂದಕ್ಕೆ ದೂರದ್ದೇನಾಗಿರಲಿಲ್ಲ.

ಹೀಗಿದ್ದೂ ಬಾಬಾ ಸಾಹೇಬ ಮೊದಲು ಹಿಡಿದದ್ದು ಲೇಖನಿಯನ್ನೇ. ನರಗುಂದದಿಂದ ಹೊರಟ ವಿನಂತಿ ಪೊಲಿಟಿಕಲ್ ಏಜೆಂಟನ ಮೂಲಕ ಮೇಲಕ್ಕೆ ಸಾಗಬೇಕು. ಇಂಥ ಕಡತಗಳ ದಾರಿ ಮುಂಬಯಿ, ಕಲಕತ್ತೆ, ಕೆಲವೊಮ್ಮೆ ಕಡಲಾಚೆಯ ಲಂಡನ್. ಬಾಬಾ ಸಾಹೇಬನ ಅರ್ಜಿ ತಿರಸ್ಕೃತವಾಯಿತು. ಅವನು ಮತ್ತೆ ಕೇಳಿದ. ಮತ್ತೆ ಅದೇ ಉತ್ತರ ಬಂತು. ಸ್ಥಳದಲ್ಲಿದ್ದ ಅಧಿಕಾರಿಗೆ ಮರುಕ ಹುಟ್ಟಿದರೂ ತೀರ್ಮಾನ ಬದಲಿಸುವ ಅಧಿಕಾರವಿರಲಿಲ್ಲ. ಅಧಿಕಾರವಿದ್ದವರು ನರಗುಂದದ ಗುಡ್ಡವನ್ನು ಕಂಡವರಲ್ಲ.

ಇನಾಮ್ ಕಮಿಷನ್ನಿನ ನೆರಳು

ದತ್ತಕದ ನಿರಾಕರಣೆ ದೊರೆಗಳ ಸಂಕಟವಾದರೆ, ಜನಸಾಮಾನ್ಯರಿಗೆ ತಟ್ಟಿದ್ದು ಇನಾಮ್ ಕಮಿಷನ್. 1852ರ 11ನೆಯ ಕಾಯ್ದೆ ಅದಕ್ಕೆ ಪೂರ್ಣ ಬಲ ಕೊಟ್ಟಿತು. ಕರವಿಲ್ಲದೆ ಅಥವಾ ಕಡಿಮೆ ಕರಕ್ಕೆ ಭೂಮಿ ಅನುಭವಿಸುತ್ತಿದ್ದವರೆಲ್ಲ ತಮ್ಮ ಹಕ್ಕನ್ನು ಸನದು, ದಾಖಲೆಗಳ ಮೂಲಕ ಸಾಬೀತುಪಡಿಸಬೇಕಾಯಿತು. ದೇವಸ್ಥಾನದ ಪೂಜಾರಿ, ಮಠದ ಸ್ವಾಮಿ, ದೇಸಾಯಿ, ಹಳೆಯ ಸೈನಿಕನ ಮೊಮ್ಮಗ ಎಲ್ಲರೂ ಕಾಗದ ಹುಡುಕಿದರು. ಯುದ್ಧ, ಬೆಂಕಿ, ಗೆದ್ದಲುಗಳಿಗೆ ಸಿಕ್ಕ ಕಾಗದಗಳು ಎಲ್ಲಿಂದ ಬರಬೇಕು? ಮುಂಬಯಿ ಪ್ರಾಂತದಲ್ಲಿ ಸುಮಾರು 20,000 ಇನಾಮುಗಳು ಜಪ್ತಿಯಾದವೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ.

ನರಗುಂದ ಸಂಸ್ಥಾನದ ಪ್ರಶ್ನೆ ರಾಜಕೀಯ ಇಲಾಖೆಗೆ ಸೇರಿದ್ದು, ಇನಾಮ್ ಕಮಿಷನ್ನಿಗಲ್ಲ. ಆದರೆ ಎರಡರ ತರ್ಕವೂ ಒಂದೇ. ತಲೆಮಾರುಗಳಿಂದ ಅನುಭವದಲ್ಲಿದ್ದ ಹಕ್ಕು ಒಂದು ಮುಂಜಾನೆ ಸರಕಾರದ ಕೃಪೆಯಾಗಿ ಮಾರ್ಪಟ್ಟಿತ್ತು. ಈ ಕಮಿಷನ್ನಿನಲ್ಲಿ ದುಡಿದ ಅಧಿಕಾರಿಗಳಲ್ಲೊಬ್ಬ ಚಾರ್ಲ್ಸ್ ಮ್ಯಾನ್ಸನ್. ಈ ಹೆಸರು ನರಗುಂದದ ಕಥೆಯಲ್ಲಿ ಮತ್ತೆ ಬರಲಿದೆ.

ಕುದಿಯುವ ಪ್ರಾಂತ

1857ರಲ್ಲಿ ಉತ್ತರ ಭಾರತ ಹೊತ್ತಿ ಉರಿಯಿತು. ಕರ್ನಾಟಕದಲ್ಲಿ ಸರಕಾರ ಆಯುಧಗಳ ಮೇಲೆ ಕೈಯಿಟ್ಟಿತು. ಪರವಾನಗಿ ಇಲ್ಲದೆ ಆಯುಧ ಇಡುವಂತಿಲ್ಲವೆಂಬ ಕಟ್ಟಳೆಯನ್ನು ಧಿಕ್ಕರಿಸಿದ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ಊರನ್ನೇ ರಣರಂಗವಾಗಿಸಿದರು. 1858ರ ಫೆಬ್ರವರಿಯಲ್ಲಿ ಸುರಪುರದ ವೆಂಕಟಪ್ಪ ನಾಯಕ ಎದ್ದ. ಮೇ ತಿಂಗಳಲ್ಲಿ ಅವನ ಬದುಕೂ ಮುಗಿಯಿತು.

ಬೆಳಗಾವಿಯಲ್ಲಿ ಮ್ಯಾಜಿಸ್ಟ್ರೇಟ್ ಹಾಗೂ ಪೊಲಿಟಿಕಲ್ ಏಜೆಂಟ್ ಆಗಿದ್ದ ಸೆಟನ್-ಕರ್ ಈ ಅಸಮಾಧಾನದ ಬೇರನ್ನು ಬಲ್ಲವನಾಗಿದ್ದ. ಸಂಸ್ಥಾನಿಕರೊಂದಿಗೆ ಸೌಹಾರ್ದದಿಂದ ನಡೆದುಕೊಂಡು 1857ರ ಕಠಿಣ ತಿಂಗಳುಗಳನ್ನು ಅವನು ದಾಟಿಸಿದ್ದ. ಆದರೆ 1858ರಲ್ಲಿ ಸರಕಾರ ರಾಜಕೀಯ ಹೊಣೆಯನ್ನು ಅವನ ಕೈಯಿಂದ ತೆಗೆದು ಕೊಲ್ಹಾಪುರದಲ್ಲಿದ್ದ ಕರ್ನಲ್ ಲೆ ಗ್ರಾಂಡ್ ಜೇಕಬನಿಗೆ ವಹಿಸಿತು. ದಕ್ಷಿಣ ಮರಾಠಾ ಪ್ರಾಂತದ ಹಂಗಾಮಿ ಪೊಲಿಟಿಕಲ್ ಏಜೆಂಟನಾಗಿ ಬಂದವನು ಮ್ಯಾನ್ಸನ್. ಜಹಗೀರುದಾರರ ಮಾತು ಕೇಳಿಸಿಕೊಳ್ಳುತ್ತಿದ್ದ ಅಧಿಕಾರಿಯ ಸ್ಥಾನಕ್ಕೆ ಇನಾಮುಗಳ ಕಾಗದ ಕೇಳಿದ ಕಮಿಷನ್ನಿನ ಅಧಿಕಾರಿ ಬಂದಿದ್ದ. ಈ ಬದಲಾವಣೆ ನರಗುಂದದ ಅರಮನೆಯಲ್ಲಿ ಯಾವ ಅರ್ಥ ಪಡೆದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಅದೇ ಹೊತ್ತಿಗೆ ಕೋಟೆಯ ಫಿರಂಗಿಗಳನ್ನೂ ಮದ್ದನ್ನೂ ಧಾರವಾಡಕ್ಕೆ ಕಳಿಸಬೇಕೆಂಬ ಸೂಚನೆ ಬಾಬಾ ಸಾಹೇಬನಿಗೆ ಬಂದಿತು. ವಂಶವೂ ಇಲ್ಲ, ಇನ್ನು ಕೋಟೆಯ ಬಲವೂ ಇಲ್ಲ.

ಸುರೇಬಾನದ ರಾತ್ರಿ

1858ರ ಮೇ ತಿಂಗಳ ಕೊನೆಯ ವಾರ. ಮುಂಡರಗಿಯ ಭೀಮರಾವ್ ಡಂಬಳದ ಖಜಾನೆಯ ಮೇಲೆ ಬಿದ್ದು, ಹಮ್ಮಿಗಿಯ ಕೆಂಚನಗೌಡನೊಂದಿಗೆ ಕೊಪ್ಪಳದ ಕೋಟೆಯನ್ನು ಹಿಡಿದ. ನರಗುಂದವೂ ಎದ್ದಿತು.

ಮ್ಯಾನ್ಸನ್ ಆಗ ಪ್ರವಾಸದಲ್ಲಿದ್ದ. ಸುಮಾರು ಹನ್ನೆರಡು ಸವಾರರ ಸಣ್ಣ ಬೆಂಗಾವಲಿನೊಂದಿಗೆ ಅವನು ರಾಮದುರ್ಗ ತಲುಪಿದಾಗ ಅಲ್ಲಿನ ದೊರೆ, ಬಾಬಾ ಸಾಹೇಬನ ಮಲಸಹೋದರ, ಎಚ್ಚರಿಕೆ ಕೊಟ್ಟ. ಬಂಡಾಯಕ್ಕೆ ಕೈಜೋಡಿಸುವಂತೆ ನರಗುಂದದಿಂದ ತನಗೆ ಬಂದ ಪತ್ರವನ್ನು ತೋರಿಸಿ, ನರಗುಂದದ ಸೀಮೆಯಲ್ಲಿ ಹಾದುಹೋಗಬಾರದೆಂದು ತಡೆದ. ಒಂದೇ ಮನೆತನದ ಇಬ್ಬರು ಎರಡು ದಾರಿ ಹಿಡಿದ ಕ್ಷಣವದು. ಮ್ಯಾನ್ಸನ್ ನಿಲ್ಲಲಿಲ್ಲ. ಧಾರವಾಡದತ್ತ ಹೊರಟವನು ದಾರಿಯಲ್ಲಿ ಸುರೇಬಾನದಲ್ಲಿ ತಂಗಿದ.

ಮೇ 29ರ ರಾತ್ರಿ ನರಗುಂದದ ಕುದುರೆ ಸವಾರರು ಸುರೇಬಾನವನ್ನು ಸುತ್ತುವರಿದರು. ಮುಂಚೂಣಿಯಲ್ಲಿ ಬಾಬಾ ಸಾಹೇಬನೇ ಇದ್ದನೆಂದು ಬ್ರಿಟಿಷ್ ದಾಖಲೆಗಳು ಹೇಳುತ್ತವೆ. ಮ್ಯಾನ್ಸನ್ ಮತ್ತು ಅವನ ಸಂಗಡಿಗರಲ್ಲಿ ಹಲವರು ಹತರಾದರು. ಮ್ಯಾನ್ಸನ್‌ನ ತಲೆ ನರಗುಂದದ ಅಗಸೆಯ ಮೇಲೆ ತೂಗಿತು.

ಈ ಕೃತ್ಯದ ಕ್ರೌರ್ಯವನ್ನು ಮುಚ್ಚಿಡುವ ಅಗತ್ಯವಿಲ್ಲ. ದತ್ತಕವನ್ನು ನಿರಾಕರಿಸಿದ ನೀತಿ ಮ್ಯಾನ್ಸನ್ ರೂಪಿಸಿದ್ದಲ್ಲ. ಅದನ್ನು ಬರೆದವರು ಲಂಡನ್ನಿನಲ್ಲಿ, ಕಲಕತ್ತೆಯಲ್ಲಿ ಸುರಕ್ಷಿತವಾಗಿದ್ದರು. ಆದರೆ ನರಗುಂದದ ಕಣ್ಣಿಗೆ ಸರಕಾರವೆಂದರೆ ಎದುರಿಗೆ ಬಂದ ಮುಖ ಮಾತ್ರ. ತೀರ್ಮಾನ ದೂರದಲ್ಲಿ ನಡೆದಾಗ ಸಿಟ್ಟು ಹತ್ತಿರದವನ ಮೇಲೆ ಬೀಳುತ್ತದೆ. ಕಿತ್ತೂರಿನಲ್ಲಿ ಥ್ಯಾಕರೆ, ಸುರೇಬಾನದಲ್ಲಿ ಮ್ಯಾನ್ಸನ್.

ಹತ್ತು ದಿನಗಳ ನ್ಯಾಯ

ಪ್ರತೀಕಾರಕ್ಕೆ ತಡವಾಗಲಿಲ್ಲ. ಜೂನ್ 1ರಂದು ಕರ್ನಲ್ ಮಾಲ್ಕಮನ ಪಡೆ ನರಗುಂದದ ಮುಂದೆ ಕಾಣಿಸಿಕೊಂಡಿತು. ಊರ ಹೊರಗಿನ ಬಯಲಿನಲ್ಲಿ ನಡೆದ ಕಾಳಗದಲ್ಲಿ ಬಾಬಾ ಸಾಹೇಬನ ಸೇನೆ ಚದುರಿತು. ಅದೇ ದಿನ ಕೊಪ್ಪಳದಲ್ಲಿ ಮುಂಡರಗಿ ಭೀಮರಾವ್ ಮತ್ತು ಕೆಂಚನಗೌಡ ಹತರಾದರು. ಹೊರಗಿನಿಂದ ನೆರವು ಬರುವ ಆಸೆಯೂ ಅಳಿಯಿತು. ಮರುದಿನ ಬೆಳಿಗ್ಗೆ ಗುಡ್ಡ ಹತ್ತಿದ ಸೈನಿಕರಿಗೆ ಕೋಟೆ ಬರಿದಾಗಿ ಸಿಕ್ಕಿತು.

ಬಾಬಾ ಸಾಹೇಬ ಕೆಲವೇ ಸಂಗಡಿಗರೊಂದಿಗೆ ಪಂಢರಪುರದ ಯಾತ್ರಿಕರ ವೇಷದಲ್ಲಿ ಹೊರಟಿದ್ದ. ತೊರಗಲ್ಲಿನ ಸಮೀಪದ ಕಾಡಿನಲ್ಲಿ ಪೊಲೀಸ್ ಅಧಿಕಾರಿ ಫ್ರಾಂಕ್ ಸೂಟರನ ತಂಡ ಅವನನ್ನು ಹಿಡಿಯಿತು. ಇದೇ ಸೂಟರ್ ಮುಂದೆ ಬಹುಕಾಲ ಮುಂಬಯಿಯ ಪೊಲೀಸ್ ಕಮಿಷನರ್ ಆಗಿ ಹೆಸರು ಮಾಡಿದ. ಬಾಬಾ ಸಾಹೇಬನ ತಾಯಿ ಮತ್ತು ಪತ್ನಿ ಮಲಪ್ರಭೆಯ ಮಡುವಿನಲ್ಲಿ ಪ್ರಾಣಬಿಟ್ಟರು.

ಬೆಳಗಾವಿಯಲ್ಲಿ ವಿಚಾರಣೆ ನಡೆಯಿತು. 1858ರ ಜೂನ್ 12ರಂದು ಬಾಬಾ ಸಾಹೇಬನನ್ನು ಗಲ್ಲಿಗೇರಿಸಲಾಯಿತು. ದತ್ತಕದ ವಿನಂತಿಗಳು ಕಚೇರಿಯಿಂದ ಕಚೇರಿಗೆ ಅಲೆದಿದ್ದವು. ಸೆರೆಯಿಂದ ಗಲ್ಲಿನವರೆಗಿನ ದಾರಿ ಹತ್ತು ದಿನಗಳಲ್ಲಿ ಮುಗಿಯಿತು. ಇದಾದ ಒಂದು ವಾರದೊಳಗೆ ಗ್ವಾಲಿಯರಿನ ಬಳಿ ಝಾನ್ಸಿಯ ಲಕ್ಷ್ಮೀಬಾಯಿ ರಣರಂಗದಲ್ಲಿ ಮಡಿದಳು. ಅವಳ ಹೋರಾಟದ ಮೂಲವೂ ಮಾನ್ಯವಾಗದ ಒಂದು ದತ್ತಕವೇ.

ನರಗುಂದ ಸಂಸ್ಥಾನವನ್ನು ಸರಕಾರ ವಶಪಡಿಸಿಕೊಂಡು ಧಾರವಾಡ ಜಿಲ್ಲೆಗೆ ಸೇರಿಸಿತು. ಸಂಸ್ಥಾನದ ರಾಜಧಾನಿ ನವಲಗುಂದ ತಾಲ್ಲೂಕಿನ ಒಂದು ಪೇಟೆಯಾಗಿ ಉಳಿಯಿತು. 1997ರಲ್ಲಿ ಗದಗ ಜಿಲ್ಲೆ ರಚನೆಯಾದಾಗ ನರಗುಂದ ಅದರ ಭಾಗವಾಯಿತು.

ತಡವಾಗಿ ಬಂದ ಒಪ್ಪಿಗೆ

ಈ ಕಥೆಯ ಅತ್ಯಂತ ಕಹಿಯಾದ ಅಧ್ಯಾಯ ಬಾಬಾ ಸಾಹೇಬನ ಮರಣದ ನಂತರದ್ದು. 1858ರ ನವೆಂಬರ್ 1ರಂದು, ಅವನು ಗಲ್ಲಿಗೇರಿದ ಐದು ತಿಂಗಳೊಳಗೆ, ವಿಕ್ಟೋರಿಯಾ ರಾಣಿಯ ಘೋಷಣೆ ಹೊರಬಿತ್ತು. ಕಂಪನಿಯ ಆಳ್ವಿಕೆ ಮುಗಿದಿತ್ತು. ದೇಶೀಯ ಸಂಸ್ಥಾನಿಕರ ಹಕ್ಕು, ಗೌರವಗಳನ್ನು ಕಾಯುವುದಾಗಿಯೂ ರಾಜ್ಯ ವಿಸ್ತರಣೆಯ ಆಸೆ ತನಗಿಲ್ಲವೆಂದೂ ಸಿಂಹಾಸನ ಭರವಸೆಯಿತ್ತಿತು. 1862ರ ವೇಳೆಗೆ ವೈಸರಾಯ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿದ. ಇನಾಮುಗಳ ಕಠಿಣ ತನಿಖೆಯ ಜಾಗದಲ್ಲಿ, 1863ರ ಮುಂಬಯಿ ಕಾಯ್ದೆಗಳ ಮೂಲಕ, ನಿಗದಿತ ಅಲ್ಪ ಕರ ಕೊಟ್ಟು ಭೂಮಿ ಉಳಿಸಿಕೊಳ್ಳುವ ಸರಳ ಇತ್ಯರ್ಥ ಬಂದಿತು.

ಬಾಬಾ ಸಾಹೇಬ ಕೇಳಿದ್ದೂ ಇದಕ್ಕಿಂತ ಹೆಚ್ಚಿನದನ್ನಲ್ಲ. ಸರಕಾರದ ಖಜಾನೆ ಬರಿದಾಗದೆ, ಸಾಮ್ರಾಜ್ಯ ಕುಸಿಯದೆ, ಕೊಡಬಹುದಾಗಿದ್ದ ಒಪ್ಪಿಗೆ ಅದು. ಕೊಡಬಹುದಿತ್ತೆಂಬುದಕ್ಕೆ ಸಾಕ್ಷಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಅದೇ ಭಾವೆ ಮನೆತನದ ರಾಮದುರ್ಗ ದತ್ತಕದ ಸನದು ಪಡೆದು, ಸಣ್ಣ ಸಂಸ್ಥಾನವಾಗಿಯೇ ಬಾಳಿ, 1948ರಲ್ಲಿ ಸ್ವತಂತ್ರ ಭಾರತದಲ್ಲಿ ವಿಲೀನವಾಯಿತು.

ಒಂದೇ ರಕ್ತ, ಒಂದೇ ನದಿಯ ಸೀಮೆ, ಒಂದೇ ಬಗೆಯ ಹಕ್ಕು. ಒಬ್ಬನ ಸಂಸ್ಥಾನಕ್ಕೆ ಸರಕಾರದ ಮುದ್ರೆ ಬಿತ್ತು, ಇನ್ನೊಬ್ಬನ ಅರ್ಜಿಗೆ ಬೀಳಲಿಲ್ಲ. ನರಗುಂದದ ಗುಡ್ಡದ ಮೇಲೆ ಇಂದು ಉಳಿದಿರುವ ಕಲ್ಲುಗಳು ಆ ವ್ಯತ್ಯಾಸದ ಸಾಕ್ಷಿಗಳು.